ಒಂದನೇ ನಂಬರಿನ ಹುಲಿಗಳು

ನಸುಕು ಹರಿಯಲು ಇನ್ನೂ ಸಮಯವಿದೆ. ರನ್‌ವೇ ತುದಿಯ ಶೆಡ್‌ನಲ್ಲಿ ಎರಡು ಯುದ್ಧವಿಮಾನಗಳು ಸಜ್ಜಾಗಿ ನಿಂತಿವೆ. ರೆಕ್ಕೆಯಡಿ ಕ್ಷಿಪಣಿ, ಟ್ಯಾಂಕ್ ತುಂಬ ಇಂಧನ, ಕಾಕ್‌ಪಿಟ್‌ಗೆ ಒರಗಿಸಿಟ್ಟ ಏಣಿ. ಪಕ್ಕದ ಕೋಣೆಯಲ್ಲಿ ಇಬ್ಬರು ಪೈಲಟ್‌ಗಳು ಹಾರಾಟದ ಉಡುಪು ಕಳಚದೆ ಕುರ್ಚಿಯಲ್ಲೇ ಕೂತಿದ್ದಾರೆ. ಹೊರಗೆ ಏರ್‌ಮನ್ ಒಬ್ಬ ಟಾರ್ಚ್ ಹಿಡಿದು, ಚಕ್ರದ ಬಳಿ ಬಗ್ಗಿ ಬ್ರೇಕಿನ ಪೈಪ್ ಪರೀಕ್ಷಿಸುತ್ತಾನೆ. ಸ್ವಲ್ಪ ಹೊತ್ತಿನ ಹಿಂದಷ್ಟೇ ಅದನ್ನೇ ಪರೀಕ್ಷಿಸಿದ್ದ. ಕರೆಗಂಟೆ ಬಾರಿಸಿದರೆ ಎಲ್ಲರೂ ಓಡಬೇಕು. ಕೆಲವೇ ನಿಮಿಷಗಳಲ್ಲಿ ಎರಡೂ ವಿಮಾನ ನೆಲ ಬಿಟ್ಟಿರಬೇಕು.

ನಮ್ಮ ವಾಯುನೆಲೆಗಳಲ್ಲಿ ಇಂಥ ಕಾವಲಿಗೆ ರಜೆ ಇಲ್ಲ. ಆದರೆ ಯುದ್ಧವಿಮಾನ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಯಲಹಂಕದ ವೈಮಾನಿಕ ಪ್ರದರ್ಶನ, ಗಣರಾಜ್ಯೋತ್ಸವದ ಸಾಲು ಹಾರಾಟ, ಇಲ್ಲವೇ ಸಿನಿಮಾ. 2025ರ ಜನವರಿಯಲ್ಲಿ ತೆರೆಗೆ ಬಂದ ಹಿಂದಿ ಚಿತ್ರ ‘ಸ್ಕೈ ಫೋರ್ಸ್’ ನೋಡಿದ ಅನೇಕರಿಗೆ, ಅದಕ್ಕೆ ಸ್ಫೂರ್ತಿಯಾದದ್ದು ಕೊಡಗಿನ ಪೈಲಟ್‌ನ ನಿಜವಾದ ಕಥೆ ಎಂಬುದು ಅರ್ಧಂಬರ್ಧ ಗೊತ್ತು. ಪತ್ರಿಕೆಗಳಲ್ಲಿ ‘ಸ್ಕ್ವಾಡ್ರನ್‌ಗಳ ಕೊರತೆ’ ಎಂಬ ಸುದ್ದಿ ಆಗಾಗ ಬರುತ್ತದೆ. ಸ್ಕ್ವಾಡ್ರನ್ ಎಂದರೆ ನಿಜವಾಗಿ ಏನು, ಅದು ಹೇಗೆ ಹುಟ್ಟುತ್ತದೆ, ಹೇಗೆ ಉಳಿಯುತ್ತದೆ? ಭಾರತೀಯ ವಾಯುಪಡೆಯ ಒಂದನೇ ಸ್ಕ್ವಾಡ್ರನ್‌ನ ಜಾಡು ಹಿಡಿದು ಹೋದರೆ ಈ ಪ್ರಶ್ನೆಗಳಿಗೆಲ್ಲ ಉತ್ತರ ಸಿಗುತ್ತದೆ. ಅದರ ಅಡ್ಡಹೆಸರು ಟೈಗರ್ಸ್, ಹುಲಿಗಳು. ಕೊಡಗಿನ ಆ ಪೈಲಟ್ ಅಜ್ಜಮಾಡ ಬೊಪ್ಪಯ್ಯ ದೇವಯ್ಯ ಇದೇ ಸ್ಕ್ವಾಡ್ರನ್ನಿನವರು.

ವಿಮಾನಕ್ಕಿಂತ ದೊಡ್ಡ ಬಳಗ

ಯುದ್ಧವಿಮಾನಗಳ ಒಂದು ಸ್ಕ್ವಾಡ್ರನ್‌ನಲ್ಲಿ ಸಾಮಾನ್ಯವಾಗಿ 16ರಿಂದ 18 ವಿಮಾನಗಳಿರುತ್ತವೆ. ಎಲ್ಲವೂ ಒಂದೇ ಮಾದರಿಯವು. ಮುಖ್ಯಸ್ಥರನ್ನು ಕಮಾಂಡಿಂಗ್ ಆಫೀಸರ್ ಎನ್ನುತ್ತಾರೆ. ಇವರು ಹೆಚ್ಚಾಗಿ ವಿಂಗ್ ಕಮಾಂಡರ್ ಅಥವಾ ಗ್ರೂಪ್ ಕ್ಯಾಪ್ಟನ್ ದರ್ಜೆಯವರು. ಕಚೇರಿಯಲ್ಲಿ ಕೂತು ಆಜ್ಞೆ ಮಾಡಿದರೆ ಅವರ ಕೆಲಸ ಮುಗಿಯುವುದಿಲ್ಲ. ದಾಳಿಯ ದಿನ ಮೊದಲ ವಿಮಾನದಲ್ಲಿ ಅವರೇ ಹೊರಡುವುದು ವಾಡಿಕೆ.

ಪೈಲಟ್‌ಗಳ ಸಂಖ್ಯೆ ಸಣ್ಣದು. ಅವರಿಗಿಂತ ಎಷ್ಟೋ ಹೆಚ್ಚು ಜನ ನೆಲದಲ್ಲಿ ದುಡಿಯುತ್ತಾರೆ. ಎಂಜಿನ್ ನೋಡುವವರು, ರೇಡಾರ್ ನೋಡುವವರು, ಬಾಂಬ್ ಹಾಗೂ ಕ್ಷಿಪಣಿ ಜೋಡಿಸುವವರು, ಪ್ಯಾರಾಶೂಟ್ ಮಡಿಸುವವರು. ಅಪಾಯ ಬಂದಾಗ ಪೈಲಟ್‌ನನ್ನು ಹೊರಗೆಸೆಯುವ ಆಸನಕ್ಕೆಂದೇ ಪ್ರತ್ಯೇಕ ತಂತ್ರಜ್ಞರಿದ್ದಾರೆ. ಹಾರಾಟಕ್ಕೆ ಮುನ್ನ ಇವರೆಲ್ಲರ ಸಹಿ ಪುಸ್ತಕಕ್ಕೆ ಬಿದ್ದ ಮೇಲೆಯೇ ಪೈಲಟ್ ತನ್ನ ಸಹಿ ಹಾಕಿ ಏಣಿ ಹತ್ತುವುದು. ಹಾರುವವನ ಜೀವ ನೆಲದವರ ಕೈಯಲ್ಲಿದೆ ಎಂಬುದು ಇಲ್ಲಿ ಬರಿಯ ಮಾತಲ್ಲ, ಪ್ರತಿದಿನದ ಬರವಣಿಗೆ.

ಸ್ಕ್ವಾಡ್ರನ್‌ನ ಕೆಲಸಗಳು ಸ್ಥೂಲವಾಗಿ ಮೂರು. ನಮ್ಮ ಆಕಾಶಕ್ಕೆ ಶತ್ರು ನುಗ್ಗದಂತೆ ತಡೆಯುವುದು. ಶತ್ರುವಿನ ನೆಲೆ, ಸೇತುವೆ, ಶಸ್ತ್ರಾಗಾರಗಳ ಮೇಲೆ ದಾಳಿ ಮಾಡುವುದು. ಮೇಲಿನಿಂದ ನೋಡಿ ಸೇನೆಗೆ ಸುಳಿವು ಕೊಡುವುದು. ಒಂದನೇ ಸ್ಕ್ವಾಡ್ರನ್ ತನ್ನ ಬಾಳಿನಲ್ಲಿ ಈ ಮೂರನ್ನೂ ಮಾಡಿದೆ. ಆದರೆ ಯಾರಿಗಾಗಿ ಎಂಬುದು ಕಾಲಕ್ಕೆ ತಕ್ಕಂತೆ ಬದಲಾಗಿದೆ.

ನಾಲ್ಕು ಹಳೆಯ ವಿಮಾನ, 19 ಹವಾಯಿ ಸಿಪಾಯಿಗಳು

ಭಾರತೀಯ ವಾಯುಪಡೆ ಕಾಯ್ದೆ ಜಾರಿಗೆ ಬಂದದ್ದು 1932ರ ಅಕ್ಟೋಬರ್ 8ರಂದು. ಅದಕ್ಕೇ ಇಂದಿಗೂ ಅಕ್ಟೋಬರ್ 8 ವಾಯುಪಡೆ ದಿನ. ಆದರೆ ಅಂದು ಇದ್ದದ್ದು ಕಾಗದದ ಮೇಲಿನ ಪಡೆ. ವಿಮಾನ ಬಂದದ್ದು ಮುಂದಿನ ವರ್ಷ, 1933ರ ಏಪ್ರಿಲ್ 1ಕ್ಕೆ. ಕರಾಚಿಯ ಡ್ರಿಗ್ ರೋಡ್ ನೆಲೆಯಲ್ಲಿ ನಾಲ್ಕು ವೆಸ್ಟ್‌ಲ್ಯಾಂಡ್ ವಾಪಿಟಿ ವಿಮಾನಗಳೊಂದಿಗೆ ಒಂದನೇ ಸ್ಕ್ವಾಡ್ರನ್‌ನ ಮೊದಲ ತುಕಡಿ ಹುಟ್ಟಿತು. ಒಂದರ ಮೇಲೊಂದು ಎರಡು ಜೊತೆ ರೆಕ್ಕೆ, ಮುಚ್ಚಳವಿಲ್ಲದ ಕಾಕ್‌ಪಿಟ್, ಬ್ರಿಟಿಷ್ ವಾಯುಪಡೆ ಬಳಸಿ ಬಿಟ್ಟ ಯಂತ್ರಗಳು.

ಇಂಗ್ಲೆಂಡಿನ ಕ್ರಾನ್‌ವೆಲ್‌ನಲ್ಲಿ ತರಬೇತಿ ಮುಗಿಸಿ ಬಂದ ಆರು ಭಾರತೀಯ ಅಧಿಕಾರಿಗಳು ಮತ್ತು 19 ಏರ್‌ಮನ್‌ಗಳು, ಇಷ್ಟೇ ಅಂದಿನ ಬಲ. ಏರ್‌ಮನ್‌ಗಳನ್ನು ಆಗ ಹವಾಯಿ ಸಿಪಾಯಿ ಎಂದು ಕರೆಯುತ್ತಿದ್ದರು. ಆರು ಅಧಿಕಾರಿಗಳಲ್ಲಿ ಐವರು ಪೈಲಟ್‌ಗಳು, ಒಬ್ಬರು ಸಾಮಗ್ರಿ ವಿಭಾಗದವರು. ನಾಯಕತ್ವ ಬ್ರಿಟಿಷ್ ಅಧಿಕಾರಿ ಸೆಸಿಲ್ ಬೌಷಿಯರ್ ಅವರದು.

ಐವರು ಪೈಲಟ್‌ಗಳಲ್ಲಿ ಇಬ್ಬರು, ಭೂಪೇಂದ್ರ ಸಿಂಗ್ ಮತ್ತು ಅಮರ್‌ಜಿತ್ ಸಿಂಗ್, ಆರಂಭದ ದಿನಗಳಲ್ಲೇ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಕೊನೆಯವರೆಗೂ ಭಾರತದ ಪಡೆಯಲ್ಲಿ ಉಳಿದು ಬೆಳೆದವರು ಸುಬ್ರೊತೊ ಮುಖರ್ಜಿ. 1939ರಲ್ಲಿ ಅವರು ಇದೇ ಸ್ಕ್ವಾಡ್ರನ್‌ನ ಕಮಾಂಡಿಂಗ್ ಆಫೀಸರ್ ಆದರು. ಒಂದು ಸ್ಕ್ವಾಡ್ರನ್ ಭಾರತೀಯನೊಬ್ಬನ ಕೈಗೆ ಬಂದದ್ದು ಅದೇ ಮೊದಲು. 1954ರ ಏಪ್ರಿಲ್ 1ರಂದು, ಆ ನಾಲ್ಕು ವಾಪಿಟಿಗಳು ಸಾಲಾಗಿ ನಿಂತ ದಿನದಿಂದ ಸರಿಯಾಗಿ 21 ವರ್ಷಕ್ಕೆ, ಅವರು ಸ್ವತಂತ್ರ ಭಾರತದ ವಾಯುಪಡೆಯ ಮೊದಲ ಭಾರತೀಯ ಮುಖ್ಯಸ್ಥರಾದರು.

ಎಷ್ಟೋ ವರ್ಷ ಒಂದನೇ ಸ್ಕ್ವಾಡ್ರನ್ ಎಂದರೆ ಅದೇ ಇಡೀ ಭಾರತೀಯ ವಾಯುಪಡೆ. ಎರಡನೆಯದು ಹುಟ್ಟಿದ್ದು ಎರಡನೇ ಮಹಾಯುದ್ಧ ಶುರುವಾದ ಬಳಿಕವೇ.

ಯಾರ ಯುದ್ಧ, ಯಾರ ಬೆಟ್ಟ

ಇಲ್ಲೊಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಈ ಸ್ಕ್ವಾಡ್ರನ್ನಿಗೆ ಬ್ರಿಟಿಷರು ಕೊಟ್ಟ ಮೊದಲ ನಿಜವಾದ ಕೆಲಸ ದೇಶರಕ್ಷಣೆಯದಲ್ಲ. ವಾಯವ್ಯ ಗಡಿಯ ವಜೀರಿಸ್ತಾನದ ಬೆಟ್ಟಗಳಲ್ಲಿ ಪಠಾಣ್ ಬುಡಕಟ್ಟುಗಳು ಬ್ರಿಟಿಷ್ ಆಳ್ವಿಕೆಯ ವಿರುದ್ಧ ಸೆಟೆದು ನಿಂತಿದ್ದ ಕಾಲ ಅದು. 1937ರಲ್ಲಿ ಮೀರಾನ್‌ಶಾಹ್ ನೆಲೆಯಿಂದ ಭಾರತೀಯ ಪೈಲಟ್‌ಗಳು ಅಲ್ಲಿಗೆ ಹಾರಿದರು. ಗಡಿಯ ಆ ಕಾರ್ಯಾಚರಣೆಗಳ ಪದ್ಧತಿ ಹೀಗಿತ್ತು: ಮೊದಲು ಹಳ್ಳಿಗಳ ಮೇಲೆ ಎಚ್ಚರಿಕೆಯ ಚೀಟಿ ಉದುರಿಸುವುದು, ಗಡುವು ಮುಗಿದ ಮೇಲೆ ಬಾಂಬ್ ಹಾಕುವುದು.

ಈ ಅಧ್ಯಾಯವನ್ನು ಸ್ಕ್ವಾಡ್ರನ್ನಿನ ಸಾಹಸಗಳ ಪಟ್ಟಿಯಲ್ಲಿ ಸೇರಿಸಿ ಮುಂದೆ ಹೋಗುವುದು ಸರಿಯಲ್ಲ ಎಂದೇ ನನ್ನ ಭಾವನೆ. ಅಲ್ಲಿ ಹಾರಿದ ತರುಣರ ಕೌಶಲ ನಿಜ. ಅವರ ಕೆಳಗಿದ್ದ ಹಳ್ಳಿಗಳೂ ಅಷ್ಟೇ ನಿಜ. ಬೆಟ್ಟದವರ ಬಳಿ ಇದ್ದದ್ದು ರೈಫಲ್, ಆದರೆ ಗುರಿ ಬಲವಾಗಿತ್ತು. ಹೊಸದಾಗಿ ಸ್ಕ್ವಾಡ್ರನ್ ಸೇರಿದ್ದ ಅರ್ಜನ್ ಸಿಂಗ್ ಎಂಬ ತರುಣನ ವಿಮಾನವನ್ನು ಇಂಥದೇ ಗುಂಡು ನೆಲಕ್ಕಿಳಿಸಿತು. ಅವರು ಬದುಕಿ ಬಂದರು. ಈ ಕಥೆಯಲ್ಲಿ ಅವರು ಮತ್ತೆ ಬರುತ್ತಾರೆ.

ಬರ್ಮಾದಲ್ಲಿ ಮೈಕೊಡವಿದ ಹುಲಿ

1941ರಲ್ಲಿ ವಾಪಿಟಿಯಂಥ ಹಳೆಯ ಯಂತ್ರಗಳ ಕಾಲ ಮುಗಿದು ಲೈಸ್ಯಾಂಡರ್ ಬಂತು. ಅದೂ ಯುದ್ಧವಿಮಾನವಲ್ಲ. ಸೇನೆಗೆ ದಾರಿ ತೋರಲು, ಪತ್ರ ಒಯ್ಯಲು, ಶತ್ರುವಿನ ಚಲನವಲನ ನೋಡಲು ಮಾಡಿದ ನಿಧಾನಗತಿಯ ವಿಮಾನ. ಅದನ್ನೇ ಹಿಡಿದು 1942ರ ಫೆಬ್ರುವರಿಯಲ್ಲಿ ಸ್ಕ್ವಾಡ್ರನ್ ಬರ್ಮಾದ ಟೌಂಗೂ ನೆಲೆಗೆ ಇಳಿಯಿತು. ನಾಯಕ ಸ್ಕ್ವಾಡ್ರನ್ ಲೀಡರ್ ಕರುಣ್ ಕೃಷ್ಣ ಮಜುಂದಾರ್. ಸಹೋದ್ಯೋಗಿಗಳ ಬಾಯಲ್ಲಿ ಅವರು ‘ಜಂಬೋ’.

ಬಂದಿಳಿದ ಬೆನ್ನಿಗೇ ಜಪಾನಿ ವಿಮಾನಗಳು ಟೌಂಗೂ ಮೇಲೆ ಬಾಂಬ್ ಸುರಿದವು. ಮಜುಂದಾರ್ ಸುಮ್ಮನೆ ಕೂರಲಿಲ್ಲ. ಲೈಸ್ಯಾಂಡರ್‌ಗಳಿಗೆ ಬಾಂಬ್ ಕಟ್ಟಿಸಿದರು. ಒಂದೇ ಒಂದು ಲೈಸ್ಯಾಂಡರ್‌ನಲ್ಲಿ ತಾವೇ ಹೊರಟು, ಗಡಿಯಾಚೆ ಥಾಯ್ಲೆಂಡಿನ ಮೇ ಹಾಂಗ್ ಸಾನ್‌ನಲ್ಲಿದ್ದ ಜಪಾನಿ ವಾಯುನೆಲೆಯ ಮೇಲೆ ಬಾಂಬ್ ಹಾಕಿ ಬಂದರು. ಮರುದಿನ ಇಡೀ ಸ್ಕ್ವಾಡ್ರನ್ ಹೋಯಿತು. ಬಾಂಬರ್ ಅಲ್ಲದ ವಿಮಾನವನ್ನು ಬಾಂಬರ್ ಮಾಡಿದವರು ನೆಲದಲ್ಲಿ ಸ್ಪ್ಯಾನರ್ ಹಿಡಿದ ಏರ್‌ಮನ್‌ಗಳು. ಅವರಲ್ಲಿ ಬಹುಪಾಲು ಮಂದಿಯ ಹೆಸರು ಇಂದು ಯಾರಿಗೂ ಗೊತ್ತಿಲ್ಲ. ಮಜುಂದಾರ್‌ಗೆ ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್ ಪದಕ ಸಿಕ್ಕಿತು. ಮುಂದೆ ಅದೇ ಪದಕ ಎರಡನೇ ಬಾರಿಯೂ ಬಂತು. 1945ರ ಫೆಬ್ರುವರಿಯಲ್ಲಿ ಲಾಹೋರಿನ ಹಾರಾಟ ಪ್ರದರ್ಶನವೊಂದರಲ್ಲಿ ಅವರ ಹರಿಕೇನ್ ಯುದ್ಧವಿಮಾನ ನೆಲಕ್ಕಪ್ಪಳಿಸಿತು.

ಹರಿಕೇನ್‌ಗೆ ಬದಲಾದ ಸ್ಕ್ವಾಡ್ರನ್ 1944ರಲ್ಲಿ ಇಂಫಾಲದಲ್ಲಿತ್ತು. ಜಪಾನಿ ಸೇನೆ ಕಣಿವೆಯನ್ನು ಸುತ್ತುವರಿದು ರಸ್ತೆ ಕಡಿದಾಗ ಒಳಗಿದ್ದವರಿಗೆ ಅನ್ನ, ಮದ್ದುಗುಂಡು ಎಲ್ಲವೂ ಆಕಾಶದಿಂದಲೇ ಬರಬೇಕಾಯಿತು. ಕಾಡಿನೊಳಗೆ ಶತ್ರು ಎಲ್ಲಿದ್ದಾನೆ ಎಂದು ದಿನಕ್ಕೆ ಹಲವು ಬಾರಿ ಹಾರಿ ನೋಡಿ ಬರುವುದು ಒಂದನೇ ಸ್ಕ್ವಾಡ್ರನ್‌ನ ಹೊಣೆ. ಮರದ ತುದಿಗೆ ತಾಗುವಷ್ಟು ಕೆಳಗೆ ಹಾರಿದರಷ್ಟೇ ಏನಾದರೂ ಕಾಣುತ್ತಿತ್ತು. ಆಗಿನ ನಾಯಕ, ವಜೀರಿಸ್ತಾನದಲ್ಲಿ ಬದುಕುಳಿದ ಅದೇ ಅರ್ಜನ್ ಸಿಂಗ್. ಮಿತ್ರಪಡೆಗಳ ದಂಡನಾಯಕ ಮೌಂಟ್‌ಬ್ಯಾಟನ್ ಇಂಫಾಲಕ್ಕೇ ಬಂದು ಅವರ ಎದೆಗೆ ಪದಕ ಚುಚ್ಚಿದರು.

ಹೆಸರು ನಿಂತಿತು, ಮತ್ತೆ ಎದ್ದಿತು

1947ರ ವಿಭಜನೆಯಲ್ಲಿ ಕಡತ, ಕುರ್ಚಿ, ಟೈಪ್‌ರೈಟರ್‌ಗಳಂತೆ ವಿಮಾನಗಳೂ ಪಾಲಾದವು. ಒಂದನೇ ಸ್ಕ್ವಾಡ್ರನ್‌ನ ವಿಮಾನ, ಸಾಮಗ್ರಿ ಪಾಕಿಸ್ತಾನದ ಪಾಲಿಗೆ ಹೋದವು. ವಾಯುಪಡೆಯ ಅತ್ಯಂತ ಹಿರಿಯ ಸ್ಕ್ವಾಡ್ರನ್ ಭಾರತದಲ್ಲಿ ಇಲ್ಲವಾಯಿತು. ಇಂಥ ಸಂದರ್ಭದಲ್ಲಿ ವಾಯುಪಡೆ ಸ್ಕ್ವಾಡ್ರನ್ನನ್ನು ಅಳಿಸಿ ಹಾಕುವುದಿಲ್ಲ. ಅದರ ಸಂಖ್ಯೆ, ಲಾಂಛನ, ಗೌರವಗಳನ್ನು ಕಾದಿಡುತ್ತದೆ. ಮುಂದೆ ಎಂದಾದರೂ ಹೊಸ ವಿಮಾನ, ಹೊಸ ಜನ ಸೇರಿದಾಗ ಆ ಸಂಖ್ಯೆಗೆ ಮತ್ತೆ ಜೀವ.

ಕೊಡಗಿನ ಐನ್‌ಮನೆಯನ್ನು ಬಲ್ಲವರಿಗೆ ಇದು ಕೂಡಲೇ ಅರ್ಥವಾದೀತು. ಒಕ್ಕದ, ಅಂದರೆ ಮನೆತನದ, ಮಕ್ಕಳು ಊರೂರು ಸೇರಿದರೂ, ಮನೆಯ ಮಾಡು ಹೊಸದಾಗಿ ಹೊದಿಸಿದರೂ ಮನೆಹೆಸರು ಮೊದಲಿನದೇ. ಪ್ರತಿಯೊಬ್ಬರ ಹೆಸರಿನ ಮುಂದೆ ಅದು ನಡೆಯುತ್ತದೆ. 1953ರ ಜನವರಿ 26ರಂದು 15ನೇ ಸ್ಕ್ವಾಡ್ರನ್ನಿನ ಜನ, ವಿಮಾನಗಳಿಗೆ ಒಂದು ಎಂಬ ಸಂಖ್ಯೆಯನ್ನು ಕೊಡಲಾಯಿತು. ಹುಲಿಗಳು ಮತ್ತೆ ವಾಯುಪಡೆಯ ಪಟ್ಟಿಯ ತಲೆಗೆ ಬಂದವು. ಆ ದಶಕ ಮುಗಿಯುವ ಹೊತ್ತಿಗೆ ಅವರ ಕೈಯಲ್ಲಿ ಫ್ರಾನ್ಸಿನ ದಸೊ ಕಂಪನಿಯ ಮಿಸ್ಟೇರ್ ಜೆಟ್‌ಗಳಿದ್ದವು.

ಸರ್ಗೋಧಾ, 7 ಸೆಪ್ಟೆಂಬರ್ 1965

ಭಾರತ-ಪಾಕ್ ಯುದ್ಧದ ನಡುವೆ, 1965ರ ಸೆಪ್ಟೆಂಬರ್ 6ರ ಸಂಜೆ ಪಾಕಿಸ್ತಾನದ ವಿಮಾನಗಳು ಪಠಾಣ್‌ಕೋಟ್ ನೆಲೆಯ ಮೇಲೆರಗಿ, ನೆಲದಲ್ಲಿ ನಿಂತಿದ್ದ ಭಾರತದ ವಿಮಾನಗಳನ್ನು ಸುಟ್ಟವು. ಹೊಸದಾಗಿ ಬಂದಿದ್ದ ಮಿಗ್-21ಗಳೂ ಅದರಲ್ಲಿದ್ದವು. ಮರುದಿನ ಬೆಳಕು ಹರಿಯುವಾಗ ಉತ್ತರ ಕೊಡಬೇಕೆಂದು ತೀರ್ಮಾನವಾಯಿತು. ಗುರಿ: ಪಾಕಿಸ್ತಾನದ ವಾಯುಶಕ್ತಿಯ ಹೃದಯವೆನಿಸಿದ ಸರ್ಗೋಧಾ. ಆಗ ವಾಯುಪಡೆಯ ಮುಖ್ಯಸ್ಥರು ಏರ್ ಮಾರ್ಷಲ್ ಅರ್ಜನ್ ಸಿಂಗ್. ಮೊದಲ ದಾಳಿಗೆ ಹೊರಟದ್ದು ಅವರು ಹಿಂದೆ ಮುನ್ನಡೆಸಿದ್ದ ಸ್ಕ್ವಾಡ್ರನ್ನೇ.

ಪಂಜಾಬಿನ ಆದಂಪುರದಿಂದ ಸರ್ಗೋಧಾ ಮಿಸ್ಟೇರ್‌ನ ಪಾಲಿಗೆ ದೂರದ ಊರು. ರೇಡಾರ್ ಕಣ್ಣು ತಪ್ಪಿಸಲು ನೆಲಕ್ಕೆ ಹತ್ತಿರವಾಗಿ ಹಾರಬೇಕು. ಹಾಗೆ ಹಾರಿದರೆ ದಟ್ಟ ಗಾಳಿಯಲ್ಲಿ ಇಂಧನ ಬೇಗ ಖಾಲಿಯಾಗುತ್ತದೆ. ಹೋಗಿ, ಒಂದು ಬಾರಿ ದಾಳಿ ಮಾಡಿ, ನೇರ ಮನೆಗೆ ಬರಲು ಸಾಕಾಗುವಷ್ಟೇ ಇಂಧನ. ನಡುವೆ ಯಾರಾದರೂ ಅಡ್ಡ ಬಂದು ಕಾದಾಟಕ್ಕಿಳಿದರೆ ಮರಳಿ ಬರುವ ಲೆಕ್ಕ ತಪ್ಪಿತೆಂದೇ ಅರ್ಥ.

ಕಮಾಂಡಿಂಗ್ ಆಫೀಸರ್ ವಿಂಗ್ ಕಮಾಂಡರ್ ಓ.ಪಿ. ತನೇಜಾ ಅವರ ಮುಂದಾಳತ್ವದಲ್ಲಿ 12 ಮಿಸ್ಟೇರ್‌ಗಳು ಹೊರಡಬೇಕಿತ್ತು. ಯಾವುದಾದರೂ ಕೈಕೊಟ್ಟರೆ ಇರಲೆಂದು ಮೀಸಲು ವಿಮಾನಗಳೂ ಸಿದ್ಧವಾಗಿದ್ದವು. ಮೀಸಲಿನಲ್ಲಿದ್ದವರು ಸ್ಕ್ವಾಡ್ರನ್ ಲೀಡರ್ ಎ.ಬಿ. ದೇವಯ್ಯ. 1932ರ ಡಿಸೆಂಬರ್‌ನಲ್ಲಿ ಹುಟ್ಟಿ, 1954ರಲ್ಲಿ ವಾಯುಪಡೆ ಸೇರಿದವರು. ಹೊಸಬರಿಗೆ ಹಾರಾಟ ಕಲಿಸುವ ಶಿಕ್ಷಕರಾಗಿದ್ದವರು ಯುದ್ಧದ ಹೊತ್ತಿಗೆ ಸ್ಕ್ವಾಡ್ರನ್‌ಗೆ ಬಂದಿದ್ದರು. ಒಂದು ವಿಮಾನ ತಂಡದಿಂದ ಹೊರಗುಳಿದಾಗ ದೇವಯ್ಯ ಆ ಜಾಗ ತುಂಬಿ ಸರ್ಗೋಧಾದ ದಾರಿ ಹಿಡಿದರು.

ದಾಳಿ ಮುಗಿಸಿ ತಿರುಗುವಾಗ ಪಾಕಿಸ್ತಾನದ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಅವರ ಎಫ್-104 ಸ್ಟಾರ್‌ಫೈಟರ್ ಬೆನ್ನಟ್ಟಿತು. ಸ್ಟಾರ್‌ಫೈಟರ್ ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲದು. ಶಾಖ ಹುಡುಕಿ ಹೋಗುವ ಸೈಡ್‌ವೈಂಡರ್ ಕ್ಷಿಪಣಿ ಅದಕ್ಕಿತ್ತು. ಸಮತಲ ಹಾರಾಟದಲ್ಲಿ ಶಬ್ದದ ವೇಗವನ್ನೂ ದಾಟಲಾರದ ಮಿಸ್ಟೇರ್ ಬಳಿ ಇದ್ದದ್ದು ಎರಡು 30 ಮಿ.ಮೀ. ಫಿರಂಗಿ. ಹುಸೇನ್ ಹಾರಿಸಿದ ಗುಂಡು ದೇವಯ್ಯನವರ ವಿಮಾನಕ್ಕೆ ಬಡಿಯಿತು. ಇದು ಮುಗಿಯಿತೆಂದು ಭಾವಿಸಿದ ಹುಸೇನ್ ಮುಂದೆ ಸಾಗುತ್ತಿದ್ದ ಇತರ ಮಿಸ್ಟೇರ್‌ಗಳ ಕಡೆ ಹೊರಳಿದರು.

ದೇವಯ್ಯನವರ ವಿಮಾನ ಬಿದ್ದಿರಲಿಲ್ಲ. ಗಾಯಗೊಂಡ ಆ ವಿಮಾನವನ್ನು ಅವರು ಮನೆಯತ್ತ ತಿರುಗಿಸದೆ ಸ್ಟಾರ್‌ಫೈಟರ್‌ನ ಎದುರು ತಂದರು. ಕೆಳಮಟ್ಟದ, ಗಿರಕಿ ಹೊಡೆಯುವ ಕಾದಾಟದಲ್ಲಿ ವೇಗಕ್ಕಿಂತ ತಿರುವು ಮುಖ್ಯ. ಅಲ್ಲಿ ನಿಧಾನಗತಿಯ ಮಿಸ್ಟೇರ್‌ಗೇ ಅನುಕೂಲ. ಅವರ ಫಿರಂಗಿಯ ಗುಂಡುಗಳು ಸ್ಟಾರ್‌ಫೈಟರ್‌ಗೆ ತಗಲಿದವು. ಹತೋಟಿ ಕಳೆದುಕೊಂಡ ವಿಮಾನದಿಂದ ಹುಸೇನ್ ಹೊರಜಿಗಿದು ಪ್ಯಾರಾಶೂಟ್‌ನಲ್ಲಿ ಇಳಿದರು. ದೇವಯ್ಯ ಹಿಂತಿರುಗಲಿಲ್ಲ. ಸರ್ಗೋಧಾ ಸೀಮೆಯ ನೆಲದಲ್ಲೇ ಅವರ ವಿಮಾನ ಬಿತ್ತು. ಆಗ ಅವರಿಗೆ 32 ವರ್ಷ.

23 ವರ್ಷದ ಮೌನ

ಆದಂಪುರದಲ್ಲಿ ಇಳಿದವರಿಗೆ ದೇವಯ್ಯ ಬಂದಿಲ್ಲ ಎಂಬುದಷ್ಟೇ ಗೊತ್ತಿತ್ತು. ಅವರ ಕಾದಾಟವನ್ನು ನಮ್ಮವರು ಯಾರೂ ಕಂಡಿರಲಿಲ್ಲ. ಕಾಕ್‌ಪಿಟ್‌ನಲ್ಲಿ ಎಲ್ಲವನ್ನೂ ದಾಖಲಿಸುವ ಇಂದಿನ ಸಾಧನಗಳು ಆಗ ಇರಲಿಲ್ಲ. ಫಿರಂಗಿ ಸಿಡಿದಾಗ ಓಡುವ ಕ್ಯಾಮೆರಾದ ಫಿಲ್ಮ್ ಇದ್ದರೂ ಅದು ವಿಮಾನದ ಜೊತೆಗೇ ಹೋಗಿತ್ತು. ಹೀಗೆ ಅವರ ಮನೆಯವರಿಗೆ ತಲುಪಿದ್ದು ನಾಪತ್ತೆಯ ಸುದ್ದಿ ಮಾತ್ರ.

ಸತ್ಯ ಹೊರಬಂದದ್ದು ಗಡಿಯ ಆಚೆಯಿಂದ. ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ 1965ರ ವಾಯುಯುದ್ಧದ ಬಗ್ಗೆ ಪಾಕಿಸ್ತಾನದ ವಾಯುಪಡೆಯ ನೆರವಿನಿಂದ ಬರೆದ ಪುಸ್ತಕ 1979ರಲ್ಲಿ ಪ್ರಕಟವಾಯಿತು. ಸ್ಟಾರ್‌ಫೈಟರ್ ಒಂದು ಮಿಸ್ಟೇರ್ ಜೊತೆಗಿನ ಕಾದಾಟದಲ್ಲಿ ಉರುಳಿತು ಎಂಬ ವಿವರ ಅದರಲ್ಲಿತ್ತು. ಸಮಯ, ಜಾಗ ಹೊಂದಿಸಿ ನೋಡಿದಾಗ ಆ ಮಿಸ್ಟೇರ್ ದೇವಯ್ಯನವರದೇ ಎಂದು ಸ್ಪಷ್ಟವಾಯಿತು. ಅವರ ಜೊತೆ ಹಾರಿದ್ದವರು, ವಾಯುಪಡೆಯ ಇತಿಹಾಸ ಕೆದಕುತ್ತಿದ್ದವರು ಇದನ್ನು ಬಿಡದೆ ಮೇಲಿನವರ ಗಮನಕ್ಕೆ ತಂದರು. 1988ರಲ್ಲಿ, ಘಟನೆ ನಡೆದು 23 ವರ್ಷಗಳ ಮೇಲೆ, ದೇವಯ್ಯನವರಿಗೆ ಮರಣೋತ್ತರ ಮಹಾವೀರ ಚಕ್ರ ಘೋಷಣೆಯಾಯಿತು. ಪರಮವೀರ ಚಕ್ರದ ನಂತರದ ಅತ್ಯುನ್ನತ ಯುದ್ಧಕಾಲದ ಗೌರವ ಅದು. ಪತ್ನಿ ಅದನ್ನು ಸ್ವೀಕರಿಸಿದರು. ಮಡಿಕೇರಿಯಲ್ಲಿ ಈಗ ಅವರ ಹೆಸರಿನ ವೃತ್ತವಿದೆ, ಪ್ರತಿಮೆಯಿದೆ.

ಎದುರಾಳಿಯ ಪೈಲಟ್ ತನಗಾದ ಸೋಲನ್ನು ಒಪ್ಪಿ ಹೇಳದಿದ್ದರೆ ಈ ಕಥೆ ನಮಗೆ ಸಿಗುತ್ತಿರಲಿಲ್ಲ. ಅಮ್ಜದ್ ಹುಸೇನ್ ಅವರ ಆ ಪ್ರಾಮಾಣಿಕತೆಯನ್ನೂ ನೆನೆಯಬೇಕು.

ವಜ್ರ ಎಂಬ ಮಿರಾಜ್

ಮಿಸ್ಟೇರ್ ಬಳಿಕ ಸ್ಕ್ವಾಡ್ರನ್ ಮಿಗ್-21 ಹಾರಿಸಿತು. 1971ರ ಯುದ್ಧವನ್ನು ಅದರಲ್ಲೇ ಕಂಡಿತು. 1986ರಲ್ಲಿ ಮತ್ತೆ ಫ್ರಾನ್ಸ್ ನಂಟು. ದಸೊ ಕಂಪನಿಯ ಮಿರಾಜ್ 2000 ಬಂತು, ವಾಯುಪಡೆ ಅದಕ್ಕೆ ವಜ್ರ ಎಂದು ಹೆಸರಿಟ್ಟಿತು. ಅಂದಿನಿಂದ ಹುಲಿಗಳ ಮನೆ ಗ್ವಾಲಿಯರ್‌ನ ಮಹಾರಾಜ್‌ಪುರ ನೆಲೆ. 7 ಮತ್ತು 9ನೇ ಸ್ಕ್ವಾಡ್ರನ್‌ಗಳೂ ಅಲ್ಲಿವೆ, ಅವುಗಳದ್ದೂ ಮಿರಾಜೇ.

1999ರ ಕಾರ್ಗಿಲ್ ಯುದ್ಧದಲ್ಲಿ ವಾಯುಪಡೆ ಎದುರಿಸಿದ ತೊಡಕನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಶತ್ರುಗಳು 15,000 ಅಡಿಗೂ ಮೇಲಿನ ಶಿಖರಗಳಲ್ಲಿ ಅಡಗಿದ್ದರು. ಮೇ 27 ಮತ್ತು 28ರಂದು ಒಂದು ಮಿಗ್-21, ಒಂದು ಎಂಐ-17 ಹೆಲಿಕಾಪ್ಟರ್ ಅವರ ಹೆಗಲ ಮೇಲಿನ ಕ್ಷಿಪಣಿಗಳಿಗೆ ಬಲಿಯಾದವು. ಹಾಗಾಗಿ ಕ್ಷಿಪಣಿಗೆ ಎಟುಕದ ಎತ್ತರದಲ್ಲಿ ಹಾರಬೇಕು. ಅಷ್ಟು ಮೇಲೆ ಗಾಳಿ ತೆಳು. ಬಯಲು ಸೀಮೆಗೆಂದು ಲೆಕ್ಕ ಹಾಕಿದ ಬಾಂಬ್ ಅಲ್ಲಿ ಬೇರೆಯೇ ದಾರಿ ಹಿಡಿದು ಬೀಳುತ್ತದೆ. ಗುರಿಯೋ ಬಂಡೆಯ ಸಂದಿನ ಕೆಲವು ಡೇರೆ. ಮೇಲಾಗಿ ನಿಯಂತ್ರಣ ರೇಖೆ ದಾಟುವಂತಿಲ್ಲ ಎಂಬ ಸರ್ಕಾರದ ಕಟ್ಟಪ್ಪಣೆ.

ಉತ್ತರ ಸಿಕ್ಕಿದ್ದು ಲೇಸರ್ ಕಿರಣ ಹಿಡಿದು ಗುರಿಗೆ ಹೋಗುವ ಬಾಂಬ್‌ನಲ್ಲಿ. ಗುರಿ ತೋರುವ ಇಸ್ರೇಲ್‌ನ ಲೈಟ್ನಿಂಗ್ ಸಾಧನವನ್ನು ಮಿರಾಜ್‌ನ ಹೊಟ್ಟೆಯಡಿ ಜೋಡಿಸಿ, 1,000 ಪೌಂಡ್ ಬಾಂಬ್‌ಗೆ ದಾರಿ ತೋರುವ ಕಿಟ್ ಕಟ್ಟಿ, ಯುದ್ಧ ನಡೆಯುತ್ತಿರುವಾಗಲೇ ತಂತ್ರಜ್ಞರು ಆ ಕೆಲಸ ಮುಗಿಸಿದರು. ಟೌಂಗೂವಿನ ಏರ್‌ಮನ್‌ಗಳ ಪರಂಪರೆ ಇದು. ಜೂನ್ 17ರಂದು ಬಟಾಲಿಕ್ ಸೆಕ್ಟರ್‌ನ ಮುಂಥೋ ಧಾಲೋ ಸರಬರಾಜು ಶಿಬಿರ ಮಿರಾಜ್‌ಗಳ ದಾಳಿಗೆ ಚೂರಾಯಿತು. ಜೂನ್ 24ರಂದು ಟೈಗರ್ ಹಿಲ್ ಮೇಲಿನ ನೆಲೆಗೆ ಬಾಂಬ್ ನೆಟ್ಟಗೆ ಬಡಿಯಿತು. ಶಿಖರಗಳನ್ನು ಗೆದ್ದವರು ಕಾಲಾಳುಗಳೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರು ಹತ್ತುವ ಮುನ್ನ ಮೇಲಿದ್ದವರ ಆಹಾರ, ಮದ್ದುಗುಂಡುಗಳನ್ನು ಕಸಿದ ಪಾಲು ಗ್ವಾಲಿಯರ್‌ನ ಮಿರಾಜ್‌ಗಳದ್ದು.

2019ರ ಫೆಬ್ರುವರಿ 26ರ ಬೆಳಗಿನ ಜಾವ ಪಾಕಿಸ್ತಾನದ ಬಾಲಾಕೋಟ್ ಮೇಲಿನ ದಾಳಿಗೆ ಹೊರಟದ್ದೂ ಇವೇ ವಿಮಾನಗಳು. ಇಂದು ಬಾಂಬ್ ಹೊತ್ತ ವಿಮಾನ ಒಂಟಿಯಾಗಿ ಹೋಗುವುದಿಲ್ಲ. ಬೆಂಗಾವಲಿನ ವಿಮಾನ, ಆಕಾಶದಲ್ಲೇ ಇಂಧನ ತುಂಬುವ ಟ್ಯಾಂಕರ್, ದೂರದಿಂದ ಎಲ್ಲವನ್ನೂ ನೋಡಿ ಎಚ್ಚರಿಸುವ ರೇಡಾರ್ ವಿಮಾನ ಜೊತೆಗಿರುತ್ತವೆ. ಅಂಥ ಭಾರತೀಯ ಕಣ್ಣು ‘ನೇತ್ರ’ ರೂಪುಗೊಂಡದ್ದು ಬೆಂಗಳೂರಿನಲ್ಲಿ, ಡಿಆರ್‌ಡಿಒ ಪ್ರಯೋಗಾಲಯದಲ್ಲಿ.

ಬೀದರ್ ದಾರಿ, ಬೆಂಗಳೂರಿನ ಋಣ

ಗ್ವಾಲಿಯರ್‌ನ ಕಾಕ್‌ಪಿಟ್‌ಗೆ ಹೋಗುವ ದಾರಿ ನಮ್ಮ ಬೀದರ್ ಮೂಲಕವೂ ಹಾದುಹೋಗುತ್ತದೆ. ಬೀದರ್ ವಾಯುನೆಲೆಯಲ್ಲಿ ಎಳೆಯ ಪೈಲಟ್‌ಗಳು ಹಾಕ್ ತರಬೇತಿ ಜೆಟ್‌ನಲ್ಲಿ ಯುದ್ಧ ಹಾರಾಟದ ಪಾಠ ಕಲಿಯುತ್ತಾರೆ. 2016ರಲ್ಲಿ ವಾಯುಪಡೆ ಸೇರಿದ ದೇಶದ ಮೊದಲ ಮೂವರು ಮಹಿಳಾ ಫೈಟರ್ ಪೈಲಟ್‌ಗಳೂ ಬೀದರ್‌ನ ಆಕಾಶದಲ್ಲಿ ಪಳಗಿದವರೇ. ಅಲ್ಲಿಂದ ಸ್ಕ್ವಾಡ್ರನ್‌ಗೆ ಬಂದರೂ ಕಲಿಕೆ ಮುಗಿಯದು. ಮೊದಲು ಹಗಲಿನ ಕಾರ್ಯಾಚರಣೆಗೆ, ಆಮೇಲೆ ರಾತ್ರಿಯದಕ್ಕೆ ಅರ್ಹರೆಂದು ಹಿರಿಯರು ಒಪ್ಪಬೇಕು. ಅಲ್ಲಿಯವರೆಗೆ ಕಾವಲು ಶೆಡ್‌ನ ಕುರ್ಚಿ ಅವರಿಗಿಲ್ಲ.

ಮಿರಾಜ್‌ಗಳಿಗೆ ಹೊಸ ರೇಡಾರ್, ಹೊಸ ಕ್ಷಿಪಣಿ, ಹೊಸ ಪರದೆಗಳನ್ನು ತೊಡಿಸುವ ಕೆಲಸವೂ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ನಡೆದಿದೆ. ಅದಕ್ಕೆ ತೆತ್ತ ಬೆಲೆಯೂ ಇದೆ. 2019ರ ಫೆಬ್ರುವರಿ 1ರಂದು, ಹೀಗೆ ನವೀಕರಿಸಿದ ಮಿರಾಜ್ ಒಂದನ್ನು ಪರೀಕ್ಷಿಸಲು ಹೊರಟ ಇಬ್ಬರು ತರುಣ ಸ್ಕ್ವಾಡ್ರನ್ ಲೀಡರ್‌ಗಳು ಎಚ್‌ಎಎಲ್ ವಿಮಾನ ನಿಲ್ದಾಣದ ರನ್‌ವೇ ಅಂಚಿನಲ್ಲೇ ಪ್ರಾಣ ಕಳೆದುಕೊಂಡರು. ಇಬ್ಬರೂ ಬೆಂಗಳೂರಿನ ವಿಮಾನ ಪರೀಕ್ಷಾ ಸಂಸ್ಥೆಯ ಪೈಲಟ್‌ಗಳು. ಬಾಲಾಕೋಟ್‌ಗೆ ಅಂದಿನಿಂದ 25 ದಿನ ಬಾಕಿ ಇತ್ತು. ದೇಶ ಆ ದಾಳಿಯನ್ನು ನೆನೆಯುವಷ್ಟೇ ಗೌರವದಿಂದ ಇವರನ್ನೂ ನೆನೆಯಬೇಕು.

29 ಎಂಬ ಸಂಖ್ಯೆ

ವಾಯುಪಡೆಗೆ ಮಂಜೂರಾದ ಫೈಟರ್ ಸ್ಕ್ವಾಡ್ರನ್‌ಗಳು 42. 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಮಿಗ್-21ಕ್ಕೆ ವಿದಾಯ ಹೇಳಿದ ಮೇಲೆ ಉಳಿದದ್ದು 29. ಸ್ಕ್ವಾಡ್ರನ್ ಕಡಿಮೆಯಾದರೆ ಆಗುವುದೇನು? ಅದೇ ಕಾವಲು, ಅದೇ ಗಡಿ, ಆದರೆ ಸರದಿಗೆ ಜನ ಕಡಿಮೆ. ಒಂದೊಂದು ವಿಮಾನ ಹೆಚ್ಚು ಹಾರಬೇಕು, ಬೇಗ ಸವೆಯಬೇಕು. ಹೊಸಬರ ತರಬೇತಿಗೆ ಸಿಗುವ ಗಂಟೆಗಳೂ ಕುಗ್ಗುತ್ತವೆ. ಬೆಂಗಳೂರಿನಲ್ಲಿ ತಯಾರಾಗುವ ತೇಜಸ್ ಈ ತೂತು ತುಂಬಬೇಕಿತ್ತು. ಅದು ನಿಧಾನವಾಗಿ ಬರುತ್ತಿದೆ.

ಮಿರಾಜ್‌ಗೂ ವಯಸ್ಸಾಯಿತು. ತಯಾರಿಕೆ ಎಂದೋ ನಿಂತಿದೆ. ಫ್ರಾನ್ಸ್ ಬಳಸಿ ಬಿಟ್ಟ ಮಿರಾಜ್‌ಗಳನ್ನು ಬಿಡಿಭಾಗಗಳಿಗಾಗಿ ಕೊಳ್ಳುವ ಸ್ಥಿತಿ ಬಂದಿದೆ. ಮುಂದಿನ ದಶಕದಲ್ಲಿ ಹುಲಿಗಳು ಮತ್ತೊಂದು ವಿಮಾನಕ್ಕೆ ಬದಲಾಗಲೇಬೇಕು. ವಾಪಿಟಿಯಿಂದ ಮಿರಾಜ್‌ವರೆಗೆ ಅವರಿಗೆ ಅದು ಹೊಸದೇನಲ್ಲ.

ಕಪಾಟಿನಲ್ಲಿರುವ ದಿನಚರಿಗಳು

ಪ್ರತಿ ಸ್ಕ್ವಾಡ್ರನ್ನೂ ತನ್ನ ದಿನಚರಿಯನ್ನು ಬರೆದಿಡುತ್ತದೆ. ಯಾರು ಹಾರಿದರು, ಎಲ್ಲಿಗೆ, ಏನಾಯಿತು, ಯಾರು ಮರಳಲಿಲ್ಲ. ದೇವಯ್ಯನವರ ಪ್ರಕರಣದಲ್ಲಿ ನಮ್ಮ ಪುಟದಲ್ಲಿ ಉಳಿದ ಖಾಲಿ ಜಾಗವನ್ನು ವಿದೇಶಿ ಲೇಖಕನ ಪುಸ್ತಕ ತುಂಬಿತು. 1965ರ ಯುದ್ಧದ ಅಧಿಕೃತ ಇತಿಹಾಸವನ್ನು ರಕ್ಷಣಾ ಸಚಿವಾಲಯ 1992ರಲ್ಲೇ ಸಿದ್ಧಪಡಿಸಿದ್ದರೂ ಅದು ಬಹುಕಾಲ ಸಾರ್ವಜನಿಕರಿಗೆ ಮುಚ್ಚಿತ್ತು.

2021ರ ಜೂನ್‌ನಲ್ಲಿ ರಕ್ಷಣಾ ಸಚಿವಾಲಯ ಹೊಸ ನೀತಿಯೊಂದನ್ನು ಒಪ್ಪಿತು. ಯುದ್ಧದ ದಿನಚರಿಗಳು, ಕಾರ್ಯಾಚರಣೆಯ ದಾಖಲೆ ಪುಸ್ತಕಗಳು ಸಾಮಾನ್ಯವಾಗಿ 25 ವರ್ಷಗಳಲ್ಲಿ ಗೋಪ್ಯತೆಯಿಂದ ಹೊರಬರಬೇಕು. ಅದಕ್ಕಿಂತ ಹಳೆಯವನ್ನು ತಜ್ಞರು ಪರಿಶೀಲಿಸಿ ರಾಷ್ಟ್ರೀಯ ಪತ್ರಾಗಾರಕ್ಕೆ ಕಳುಹಿಸಬೇಕು. ಕಾರ್ಗಿಲ್‌ಗೆ 2024ರಲ್ಲಿ 25 ವರ್ಷ ತುಂಬಿತು. ಮಿರಾಜ್‌ಗೆ ಬಾಂಬ್ ಹೊಂದಿಸಿದ ತಂತ್ರಜ್ಞರಲ್ಲಿ ಎಷ್ಟೋ ಮಂದಿ ಈಗ ನಿವೃತ್ತರು, ಹಲವರಿಗೆ ವಯಸ್ಸಾಗಿದೆ. ಅವರು ಬರೆದ ಪುಟಗಳನ್ನು ಅವರು ಬದುಕಿರುವಾಗಲೇ ತೆರೆದು, ಅವರನ್ನೇ ಕೂರಿಸಿಕೊಂಡು ಓದುವ ಕೆಲಸವನ್ನು ವಾಯುಪಡೆಯೂ ಸರ್ಕಾರವೂ ಈಗಲೇ ಶುರು ಮಾಡಬೇಕು.